ಐದನೇ ಚುಕ್ಕೆ

“ಅಕ್ಕಾ, ಐದನೇ ಚುಕ್ಕೆ ಈ ಸಲವೂ ಬಂದಿಲ್ಲ” ಎಂದಳು ಸಂಶೋಧನೆಗೆ ಸೇರಿದ್ದ ಹುಡುಗಿ, ಸೋಸುಕಾಗದವನ್ನು ನೇರಳೆ ದೀಪದ ಕೆಳಗೆ ಹಿಡಿದು.

ಪ್ರಯೋಗಾಲಯದ ಸಹಾಯಕಿ ಅಕ್ಕ ಬಗ್ಗಿ ನೋಡಿದಳು. ನಾಲ್ಕೇ. ಜರೀಗಿಡದ ಎಲೆ ಅರೆದು, ರಸವನ್ನು ಕಾಗದಕ್ಕೆ ಹಚ್ಚಿ, ದ್ರಾವಣದಲ್ಲಿ ಇಳಿಬಿಟ್ಟರೆ ಒಳಗಿನ ರಾಸಾಯನಿಕಗಳು ಚುಕ್ಕೆಗಳಾಗಿ ಬಿಡಿಬಿಡಿಯಾಗಿ ಮೂಡುತ್ತವೆ. ಎರಡು ಗಿಡಗಳ ಚುಕ್ಕೆ ಹೊಂದಿದರೆ ಒಂದೇ ಜಾತಿ, ಹೊಂದದಿದ್ದರೆ ಬೇರೆ. ಇಪ್ಪತ್ತೆರಡು ವರ್ಷದ ಹಿಂದೆ, ಇದನ್ನು ಹೋಲುವ ಜಾತಿಗೆ ನಾಲ್ಕೇ ಇದ್ದರೆ ಈ ಗಿಡಕ್ಕೆ ಐದು ಚುಕ್ಕೆ ಕಂಡು, ಆಗ ಇಲ್ಲಿ ಪ್ರಾಧ್ಯಾಪಕರಾಗಿದ್ದ ಮೇಷ್ಟ್ರು ಹೊಸ ಜಾತಿಯೆಂದು ಸಾರಿದ್ದರು.

ಆ ಕಾಗದಗಳನ್ನೆಲ್ಲ ಇಳಿಬಿಟ್ಟವಳು ಅಕ್ಕ. ಲೇಖನದಲ್ಲಿ ತನ್ನ ಹೆಸರೂ ಬರಬಹುದೇ ಎಂದು ಹೆದರುತ್ತಲೇ ಕೇಳಿದ್ದಳು. ಸಹಾಯಕರ ಹೆಸರು ಹಾಕುವ ಪದ್ಧತಿ ಇಲ್ಲ ಎಂದ ಮೇಷ್ಟ್ರು, ಸಮಾಧಾನಕ್ಕೆ ಗಿಡಕ್ಕೇ ಅವಳ ಹೆಸರಿಟ್ಟರು. ಹೂವಿಲ್ಲ ಕಾಯಿಲ್ಲ, ನಿನಗೆ ಹೇಳಿ ಮಾಡಿಸಿದ ಗಿಡ ಎಂದು ಗಂಡ ರೇಗಿಸಿದ. ಅದರ ಫೋಟೋಗೆ ಕಟ್ಟು ಹಾಕಿಸಿ ತಂದವನೂ ಅವನೇ. ಇವತ್ತಿಗೂ ಮನೆಗೆ ಬಂದವರು ನೀರು ಕುಡಿಯುವ ಮೊದಲು ಆ ಫೋಟೋ ನೋಡಬೇಕು.

ಹುಡುಗಿ ಇನ್ನೊಂದು ಕಾಗದ ಹಿಡಿದಳು. ಐದನೆಯದು ಇರಬೇಕಾದ ಜಾಗದಲ್ಲೇ ಚುಕ್ಕೆಯಿತ್ತು. ಅದಕ್ಕೆ ಹಚ್ಚಿದ್ದು ಗಿಡದ ರಸವಲ್ಲ, ಬರೀ ಟೀ. ಹಳೆಯ ಎಲೆ ಅಂಟಿಸಿದ ಹಾಳೆಯ ಮೇಲೆ ಕಂದು ಕಲೆ ನೋಡಿ ಅವಳಿಗೆ ಅನುಮಾನ ಬಂದಿತ್ತಂತೆ.

ಅಕ್ಕನಿಗೆ ನೆನಪಾಯಿತು. ಒಣಗಲು ಹರಡಿದ ಎಲೆಗಳ ನಡುವೆಯೇ ಮೇಷ್ಟ್ರು ಲೋಟ ಇಡುತ್ತಿದ್ದರು. ಟೀ ಚೆಲ್ಲಿದೆ ಸರ್, ಬೇರೆ ಎಲೆ ತರಿಸೋಣ ಎಂದಿದ್ದಳು. ಒರೆಸಿ ಹಾಕು ಎಂದಿದ್ದರು. ಒರೆಸಿ ಹಾಕಿದ್ದಳು.

ನಿವೃತ್ತರಾದರೂ ವಾರಕ್ಕೊಮ್ಮೆ ತಲೆಹಾಕುವ ಮೇಷ್ಟ್ರು ಸಂಜೆ ಟೀ ಲೋಟ ಹಿಡಿದೇ ಬಂದರು. ಎರಡೂ ಕಾಗದಗಳನ್ನು ಬಹಳ ಹೊತ್ತು ನೋಡಿ ಹುಡುಗಿಗೆ ಹೇಳಿದರು.

“ತಿದ್ದುಪಡಿ ಬರಿಯಮ್ಮ. ಮಾದರಿ ಕೆಟ್ಟಿತ್ತು, ಅದು ಬೇರೆ ಜಾತಿ ಅಲ್ಲ ಅಂತ.”

“ಹೇಗೆ ಕೆಟ್ಟಿತು ಅಂತ ಕೇಳ್ತಾರೆ ಸರ್.”

“ಸಹಾಯಕಿಯ ಅಜಾಗ್ರತೆ ಅಂತ ಬರಿ.” ಅಕ್ಕನ ಕಡೆ ತಿರುಗಿದರು. “ನೀನೇನೂ ಮನಸ್ಸಿಗೆ ಹಚ್ಕೋಬೇಡ.”

“ನನ್ನ ಹೆಸರು ಹಾಕ್ತೀರಾ ಸರ್?”

“ಹಾಕಬೇಕಾಗುತ್ತೆ. ಈಗ ಯಾರು ಏನು ಮಾಡಿದ್ರು ಅಂತ ಎಲ್ಲಾ ಕೇಳ್ತಾರೆ.”

“ಹಾಗಾದ್ರೆ ಪದ್ಧತಿ ಬದಲಾಯ್ತು ಅನ್ನಿ.”

ಮೇಷ್ಟ್ರು ಕೈಯಲ್ಲಿದ್ದ ಲೋಟವನ್ನು ಹಳೆಯ ಹಾಳೆಯ ಮೇಲೇ ಕುಕ್ಕಿ ಹೊರಟುಹೋದರು. ತುಳುಕಿದ ಟೀ ಅಡಿಗಿಳಿದು, ಮೂಲೆಯಲ್ಲಿ ಗಿಡಕ್ಕೆಂದು ಬರೆದಿದ್ದ ಅಕ್ಕನ ಹೆಸರಿನತ್ತ ಹರಿಯತೊಡಗಿತು. ಹುಡುಗಿ ಬಟ್ಟೆಗೆ ಕೈ ಚಾಚಿದಳು.

ಅಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು.