ಎತ್ತಿ ಕೊಡದ ಚೆಂಡು

ಚೆಂಡು ಬೆರಳಿಗೆ ಬಂದಾಗ ಶೇಖಮ್ಮ ಎಡಕ್ಕೆ ನೋಡಲೇ ಇಲ್ಲ. ಎಡಕ್ಕೆ ಹುಲಗೆಮ್ಮ ನಿಂತಿದ್ದಳು. ಚೆಂಡು ಬಲಕ್ಕೆ ಹೋಯಿತು. ಪಂಜಾಬಿನ ಹುಡುಗಿ ಹಾರಿ ಹೊಡೆದಳು. ಪೋಲೆಂಡಿನವರು ಅದನ್ನು ಸಲೀಸಾಗಿ ಎತ್ತಿ ತಿರುಗಿ ಬಾರಿಸಿದರು.

"ಹುಲಗೆಮ್ಮಗ ಕೊಡಬೇ!" ಮಾನ್ವಿಯಿಂದ ಲಾರಿ ತುಂಬಿ ಬಂದ ಜನ ಕೂಗಿದರು.

ಮತ್ತೆ ಅದೇ ಹೆಸರು. ಬೆಳಗಿನಿಂದ ರಾಯಚೂರಿನಲ್ಲಿ ಬೇರೆ ಹೆಸರೇ ಕೇಳಿರಲಿಲ್ಲ. ೧೯೭೯ರ ಚಳಿಗಾಲ. ಭಾರತದ ಮಹಿಳಾ ವಾಲಿಬಾಲ್ ತಂಡ ಪೋಲೆಂಡ್ ತಂಡದೊಡನೆ ಊರೂರಿನಲ್ಲಿ ಪಂದ್ಯ ಆಡುತ್ತ ಇಲ್ಲಿಗೆ ಬಂದಿತ್ತು. ತಂಡದಲ್ಲಿ ಜಿಲ್ಲೆಯ ಹುಡುಗಿಯರು ಇಬ್ಬರು: ದೇವದುರ್ಗದ ಶೇಖಮ್ಮ, ಮಾನ್ವಿಯ ಹುಲಗೆಮ್ಮ. ಚೆಂಡನ್ನು ಬಲೆಯ ಮೇಲಕ್ಕೆ ಎತ್ತಿ ಕೊಡುವುದು ಶೇಖಮ್ಮನ ಕೆಲಸ, ಹಾರಿ ಹೊಡೆಯುವುದು ಹುಲಗೆಮ್ಮನದು. ಚಪ್ಪಾಳೆಯೆಲ್ಲ ಚೆಂಡು ಹೊಡೆದವಳಿಗೆ. ಎತ್ತಿ ಕೊಟ್ಟವಳ ಹೆಸರು ಯಾರಿಗೂ ಬೇಕಿರಲಿಲ್ಲ.

ಹೆತ್ತ ತಾಯಿಗೂ ಬೇಕಿರಲಿಲ್ಲ. ಪಂದ್ಯಕ್ಕೆ ಮೊದಲು ಪಕೀರಮ್ಮ ಮಗಳನ್ನು ಹುಡುಕಿಕೊಂಡು ಬಂದು, ರೊಟ್ಟಿಯ ಗಂಟು ಕೈಗಿಟ್ಟು, ಮೊದಲು ಕೇಳಿದ್ದು ಇದನ್ನೇ: "ಹುಲಗೆಮ್ಮ ಎಲ್ಲಿ ಅದಾಳವ್ವಾ? ನಮ್ಮ ಓಣ್ಯಾಗಿನವರೆಲ್ಲ ಆಕಿನ್ನ ನೋಡಾಕ ಬಂದಾರ."

ಶೇಖಮ್ಮ ಆಗಲೇ ನಿರ್ಧರಿಸಿಬಿಟ್ಟಿದ್ದಳು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಆಯ್ಕೆ ಮಾಡುವವರು ಕೂತಿದ್ದರು. ಬೇಸಿಗೆಯಲ್ಲಿ ಹೊರದೇಶದ ದೊಡ್ಡ ಪಂದ್ಯಾವಳಿಗೆ ಹೋಗುವವರು ಯಾರೆಂದು ಇಂದೇ ತೀರ್ಮಾನ. ಜಿಲ್ಲೆಗೆ ಒಬ್ಬಳೇ ಸಾಕು ಎಂಬ ಮಾತೂ ಕಿವಿಗೆ ಬಿದ್ದಿತ್ತು. ಚೆಂಡೇ ಸಿಗದಿದ್ದರೆ ಹುಲಗೆಮ್ಮ ತೋರಿಸುವುದಾದರೂ ಏನನ್ನು?

ಅವಳ ಸೊಕ್ಕಾದರೂ ಎಷ್ಟು! ಈ ಪಂದ್ಯಕ್ಕೆ ಮುಂಚೆ ಎಲ್ಲರೂ ತರಬೇತಿ ಶಿಬಿರದಲ್ಲಿ ಬೆವರು ಸುರಿಸುತ್ತಿದ್ದಾಗ ಅವಳು ರಜೆ ಪಡೆದು ಮಾನ್ವಿಗೆ ಹೋಗಿದ್ದಳು. ಪಂದ್ಯದ ದಿನ ಮಧ್ಯಾಹ್ನ ಬಂದಳು, ಚೀಲ ಇನ್ನೊಬ್ಬರ ಹೆಗಲ ಮೇಲೆ. ಬಂದವಳೇ ಶೇಖಮ್ಮನ ಮುಂದೆ ಬೆನ್ನು ಮಾಡಿ ಕೂತು, "ಜಡಿ ಹಾಕಬೇ, ಶೇಖೀ" ಎಂದಳು, ಆಳಿಗೆ ಹೇಳುವಂತೆ. ಶೇಖಮ್ಮ ಹಲ್ಲು ಕಚ್ಚಿ ಹೆಣೆದಳು.

ಮೈ ಬಿಸಿ ಮಾಡಿಕೊಳ್ಳುವಾಗ ಎಲ್ಲರೂ ಹೊಡೆದು ನೋಡಿಕೊಂಡರು. ಅವಳು ಮಾತ್ರ ಗೆರೆಯಾಚೆ ನಿಂತು ಊರಿನವರೊಡನೆ ನಗುತ್ತಿದ್ದಳು. "ಯಾಕ ಹೊಡೀವಲ್ಲಿ?" ಎಂದು ತರಬೇತುದಾರ ಅಬ್ದುಲ್ ವಹೀದ್ ಕೇಳಿದರೆ, "ಪಂದ್ಯದಾಗ ನೋಡ್ರಿ ಸರ್" ಎಂದಳು. ಇಬ್ಬರಿಗೂ ಚಿಕ್ಕಂದಿನಿಂದ ಆಟ ಕಲಿಸಿದವರು ಅವರೇ. ನಕ್ಕು ಸುಮ್ಮನಾದರು.

ಪಂದ್ಯದಲ್ಲೂ ಅದೇ ಉಡಾಫೆ. ಸರ್ವ್ ಮಾಡುವ ಸರದಿ ಬಂದಾಗ ಶಾಲೆಯ ಹುಡುಗಿಯಂತೆ ಕೆಳಗಿನಿಂದ ಚೆಂಡು ತಳ್ಳಿದಳು. ಜನ ಅದಕ್ಕೂ ಕೇಕೆ ಹಾಕಿದರು. ಬಲೆಯ ಬಳಿ ಒಂದೇ ಕೈ ಎತ್ತಿ ಪೋಲೆಂಡಿನ ಹೊಡೆತ ತಡೆದಳು. "ಒಂದ ಕೈ ಸಾಕ್ರೋ ನಮ್ಮಾಕಿಗೆ!" ಎಂದು ಯಾರೋ ಕೂಗಿದ. ಶೇಖಮ್ಮ ಮುಂದಿನ ಚೆಂಡನ್ನೂ ಬಲಕ್ಕೇ ಎತ್ತಿದಳು.

ವಿರಾಮದಲ್ಲಿ ವಹೀದ್ ಸಿಡಿದರು. "ಆಕಿ ಸುಮ್ಮನ ನಿಂತಾಳ. ಯಾಕ ಚೆಂಡು ಕೊಡವಲ್ಲಿ?"

"ಆಕಿನ್ನೇ ಕೇಳ್ರಿ. ಒಂದು ಸಲನಾರ ಚೆಂಡು ಕೇಳ್ಯಾಳ ಏನು?"

ಹುಲಗೆಮ್ಮ ಟವೆಲಿನಿಂದ ಮುಖ ಒರೆಸುತ್ತ ಶೇಖಮ್ಮನನ್ನೇ ನೋಡಿದಳು. "ಬಿಡ್ರಿ ಸರ್. ಯಾರಿಗೆ ಕೊಡಬೇಕು ಅನ್ನಾದು ಶೇಖಿಗೆ ಗೊತ್ತದ."

ಚುಚ್ಚುಮಾತು. ಶೇಖಮ್ಮನಿಗೆ ಇನ್ನಷ್ಟು ಹಟ ಬಂತು. ವಹೀದ್ ಅವರು ಶೇಖಮ್ಮನನ್ನು ಬದಲಿಸುವಂತೆಯೂ ಇರಲಿಲ್ಲ. ಎತ್ತಿ ಕೊಡುವ ಇನ್ನೊಬ್ಬ ಹುಡುಗಿ ಜ್ವರದಿಂದ ಮಲಗಿದ್ದಳು. ಕೊನೆಯ ಚೆಂಡಿನವರೆಗೂ ಶೇಖಮ್ಮ ಹುಲಗೆಮ್ಮನ ಕಡೆಗೆ ಒಂದನ್ನೂ ಬಿಡಲಿಲ್ಲ. ಭಾರತ ಕೂದಲೆಳೆಯ ಅಂತರದಲ್ಲಿ ಸೋತಿತು. ಮೈದಾನದಿಂದ ಹೊರಬರುವಾಗ ದೇವದುರ್ಗದ ಹೆಂಗಸೊಬ್ಬಳು ಎಲ್ಲರಿಗೂ ಕೇಳುವಂತೆ, "ಹೊಟ್ಟಿಕಿಚ್ಚಿನ ಹುಡುಗಿ" ಎಂದಳು. ಪಕ್ಕದಲ್ಲೇ ಇದ್ದ ಪಕೀರಮ್ಮ ತಲೆ ತಗ್ಗಿಸಿದಳು.

ಸಂಜೆ ವಹೀದ್ ಹೆಸರುಗಳನ್ನು ಹೇಳಿದರು. ಮೊದಲನೆಯದೇ ಹುಲಗೆಮ್ಮ. ಚೆಂಡೇ ಸಿಗದ ಹುಡುಗಿ ಏನು ಮಾಡಿಯಾಳು, ಅವಳ ಹಿಂದಿನ ಆಟ ನಾವು ನೋಡಿಲ್ಲವೇ ಎಂದರಂತೆ ಆಯ್ಕೆಯವರು. ಶೇಖಮ್ಮನ ಹೆಸರು ಬರಲಿಲ್ಲ.

"ಚೆಂಡು ನಿನ್ನ ಮನಿ ಆಸ್ತಿ ಅಲ್ಲವ್ವಾ" ಎಂದಷ್ಟೇ ಹೇಳಿ ವಹೀದ್ ಮುಖ ತಿರುಗಿಸಿದರು.

ಮರುದಿನ ಬೆಳಿಗ್ಗೆ ರಾಯಚೂರು ಬಸ್ ನಿಲ್ದಾಣ. ದೇವದುರ್ಗದ ಬಸ್ಸಿನ ಕಿಟಕಿಯ ಬಳಿ ಶೇಖಮ್ಮ ಒಬ್ಬಳೇ ಕೂತಿದ್ದಳು. ತಾಯಿ ಹಿಂದಿನ ದಿನವೇ ಊರವರೊಡನೆ ಹೊರಟುಹೋಗಿದ್ದಳು. ಜನರ ನಡುವೆ ದಾರಿ ಮಾಡಿಕೊಂಡು ಹುಲಗೆಮ್ಮ ಬರುವುದು ಕಂಡಿತು. ಶೇಖಮ್ಮ ಸೆಟೆದು ಕೂತಳು.

"ನಗಾಕ ಬಂದಿ ಏನು?"

ಹುಲಗೆಮ್ಮ ಬಸ್ಸು ಹತ್ತಿ ಪಕ್ಕದಲ್ಲಿ ಕುಸಿದಳು. ಎಡಗೈಯಿಂದ ಶೇಖಮ್ಮನ ಕೈ ಹಿಡಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಯಾಕ ಅಳಾಕತ್ತಿ?"

"ಊರಾಗ ಎಮ್ಮಿ ಹಗ್ಗ ಜಗ್ಗಿ ಬಲ ಭುಜ ಹೋಗಿತ್ತಬೇ. ಕೈ ಮ್ಯಾಲ ಎತ್ತಾಕ ಬರ್ತಿದ್ದಿಲ್ಲ. ಹೇಳಿದ್ರ ತಗದ ಹಾಕ್ತಾರಂತ ಯಾರ ಮುಂದೂ ಬಾಯಿ ಬಿಡಲಿಲ್ಲ. ಬ್ಯಾಸಗಿಯೊಳಗ ಸರಿ ಆಗ್ತದಂತ ಡಾಕ್ಟರು ಹೇಳ್ಯಾರ." ಅವಳು ಬಿಕ್ಕಿದಳು. "ಅಷ್ಟು ಮಂದ್ಯಾಗ ನಿನಗೊಬ್ಬಾಕಿಗೆ ತಿಳೀತು. ನನ್ನ ಸಲುವಾಗಿ ಎಲ್ಲರ ಕಡಿಂದ ಬೈಸಿಕೊಂಡಿ."

 ಕಂಡಕ್ಟರ್ ಸೀಟಿ ಊದಿದ. ಹುಲಗೆಮ್ಮ ಇಳಿದು, ಕಿಟಕಿಗೆ ಮುಖ ತಂದು ಹೇಳಿದಳು:

"ನಿನ್ನಿ ಒಂದ ಒಂದು ಚೆಂಡು ನನಗ ಎತ್ತಿ ಕೊಟ್ಟಿದ್ರ ಸಾಕಾಗಿತ್ತು, ಶೇಖೀ. ನಾ ಮನಿಗೆ ಹೋಗ್ತಿದ್ದೆ, ನೀ ಹೊರದೇಶಕ್ಕ ಹೋಗ್ತಿದ್ದಿ."