ಎಡಭುಜದ ಗುರುತು

ಮುಟ್ಟಿದವರ ಕೈಗುರುತು ಮೈಮೇಲೆ ಉಳಿಯುವುದು ಚಳಿಗಾಲದವರೆಗೆ ಮಾತ್ರ. ಥಂಡಿ ಬಿದ್ದೊಡನೆ ಧಾರವಾಡದ ಮನೆಮನೆಯಲ್ಲೂ ಎಣ್ಣೆ ಕಾಯಿಸಿ, ಹಳೆಯ ತೊಗಲನ್ನು ಆ ಗುರುತುಗಳ ಸಮೇತ ತಿಕ್ಕಿ ತೆಗೆಯುತ್ತಿದ್ದರು. ನೀಲಾಂಬಿಕೆ ಮಾತ್ರ ಈ ಸಲ ಬಚ್ಚಲ ಕಡೆ ಸುಳಿಯದೆ, ಅಂಗಳಕ್ಕೂ ಅಡುಗೆಮನೆಗೂ ಸುಮ್ಮನೆ ಓಡಾಡುತ್ತಿದ್ದಳು. ಅವಳ ಎಡಭುಜದ ಮೇಲೆ, ಶ್ರಾವಣದಲ್ಲಿ ತೀರಿಕೊಂಡ ಗಂಡ ಚನ್ನಬಸುವಿನ ಅಂಗೈ ಮೂಡಿತ್ತು. ಅಲ್ಲಿಗೆ ಅವಳು ಒಂದು ಹನಿ ಎಣ್ಣೆಯನ್ನೂ ತಾಗಿಸಿರಲಿಲ್ಲ. ಸುತ್ತಲಿನ ಚರ್ಮ ಒಡೆದು ಕುಪ್ಪಸಕ್ಕೆ ರಕ್ತ ಅಂಟುತ್ತಿತ್ತು.

"ಬಾ ಇಲ್ಲೆ. ಹಿಂಗ ಬಿಟ್ರ ಕೀವಾಗ್ತದ," ಎಂದು ಅತ್ತೆ ಗಂಗವ್ವ ಎಣ್ಣೆಯ ಬಟ್ಟಲು ಹಿಡಿದು ಕರೆದಳು.

"ಬ್ಯಾಡ್ರಿ ಅತ್ತಿ. ಅವರದು ಇದೊಂದ ಉಳದೈತ್ರಿ."

ಗಂಗವ್ವ ಬಟ್ಟಲು ಕೆಳಗಿಟ್ಟಳು. ಬೆಳೆದ ಮಗ ತಾಯಿಯನ್ನು ಮುಟ್ಟುವುದು ಅಪರೂಪ. ಅವಳ ಮೈಮೇಲೆ ಅವನದೊಂದು ಬೆರಳ ಗುರುತೂ ಇರಲಿಲ್ಲ.

"ಹಂಗಾರ, ಒಮ್ಮಿ ನಾ ಮುಟ್ಟಲೇನವ್ವಾ?"

ಮುಟ್ಟಿದರೆ ಅದರ ಮೇಲೆ ಅತ್ತೆಯ ಕೈ ಮೂಡುತ್ತದೆಂದು ನೀಲಾಂಬಿಕೆಗೆ ಗೊತ್ತಿತ್ತು. ಆದರೂ ಬೆನ್ನು ತಿರುಗಿಸಿ ಕುಳಿತು, ಸೆರಗು ಸರಿಸಿ, ಎಡಭುಜದಿಂದ ಕುಪ್ಪಸ ಜಾರಿಸಿದಳು. ಗಂಗವ್ವ ಮಗನ ಬೆರಳುಗಳ ಮೇಲೆ ತನ್ನ ಬೆರಳುಗಳನ್ನು ಒಂದೊಂದಾಗಿ ಕೂಡಿಸಿ, ಬಹಳ ಹೊತ್ತು ಕೈ ತೆಗೆಯಲಿಲ್ಲ.

ಕೊನೆಗೆ ನೀಲಾಂಬಿಕೆಯೇ ಬಟ್ಟಲನ್ನು ಅತ್ತೆಯ ಕಡೆ ಸರಿಸಿ, "ಹಚ್ರಿ," ಎಂದಳು.