ಟಣ್ ಎನ್ನದ ಕಲ್ಲುಗಳು

ಉಳಿ ಮಸೆಯಲು ಗ್ರೈಂಡರಿನ ಸಾಣೆಕಲ್ಲು ಹುಡುಕುತ್ತ ಬಡಗಿ ಕಾಳಾಚಾರಿ ಮೆಟ್ಟಿಲು ಹತ್ತಿದ ಮೂರನೆಯ ಅಂಗಡಿ ಅದು. ಒಂದೊಂದು ಕಲ್ಲನ್ನೂ ಅದರ ನಡುವಿನ ತೂತಿನಿಂದ ಬೆರಳಿಗೆ ಸಿಕ್ಕಿಸಿ, ಉಳಿಯ ಮರದ ಹಿಡಿಯಿಂದ ತಟ್ಟುತ್ತಿದ್ದ. ಟಣ್ ಎಂದರೆ ಕಲ್ಲು ಗಟ್ಟಿ. ಹಾಗೆನ್ನದಿದ್ದರೆ ಒಳಗೆ ಬಿರುಕಿದೆ, ತಿರುಗುವಾಗ ಸಿಡಿದು ಮುಖಕ್ಕೆ ಬಡಿಯುತ್ತದೆ.

“ಇದೂ ಬಿರುಕು,” ಎಂದು ಏಳನೆಯದನ್ನೂ ಪಕ್ಕಕ್ಕಿಟ್ಟು ಸ್ಟೂಲಿನ ಮೇಲೆ ಕುಸಿದು ಕೂತ.

“ಬೇರೆ ಕೊಡಲಾ?” ಅಂಗಡಿಯ ಹೆಂಗಸು ಎರಡನೆಯ ಸಲ ಕೇಳಿದಳು.

“ಬ್ಯಾಡ ಬಿಡಮ್ಮ. ಎಲ್ಲಾ ಕಡೆ ಇಂಥ ಮಾಲೇ. ನಲವತ್ತು ವರ್ಷ ಮರ ಕುಯ್ಯೋ ಮಿಷನ್ ಪಕ್ಕ ನಿಂತಿರೋ ಕಿವಿ ಇದು, ಸುಳ್ಳು ಹೇಳ್ತದಾ?”

“ಅದಿರಲಿ ಆಚಾರ್ರೇ, ಮೊದಲು ಫೋನ್ ಎತ್ತಿ.”

“ಯಾವ ಫೋನು?”

“ಆಗ್ಲಿಂದ ನಿಮ್ಮ ಜೇಬಲ್ಲಿ ಬಡ್ಕೊಂತಾನೇ ಇದೆಯಲ್ಲಾ, ಅದು.”